ಕಣ್ಣಿಗೆ ಬಿದ್ದಿದ್ದು ಧೂಳಲ್ಲ ಮಗಾ

ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಎಂಟು ಜನ ಕೂತು ‘777 ಚಾರ್ಲಿ’ ನೋಡ್ತಿದ್ದಾರೆ ಅಂದ್ಕೊಳ್ಳಿ. ಕೊನೇ ಅರ್ಧ ಗಂಟೆಯಲ್ಲಿ ಒಬ್ಬನಿಗೆ ನೆಗಡಿ, ಇನ್ನೊಬ್ಬನ ಕಣ್ಣಿಗೆ ಧೂಳು. ಮತ್ತೊಬ್ಬ ‘ಅಮ್ಮನ ಫೋನು’ ಅಂತ ಎದ್ದು ಕಾರಿಡಾರಿಗೆ ಹೋಗ್ತಾನೆ. ಅವನ ಫೋನು ಮಾತ್ರ ಇಲ್ಲೇ ಚಾರ್ಜಿಗೆ ಹಾಕಿರುತ್ತೆ.

ಇವರಲ್ಲಿ ನೆಗಡಿಯವನು ಹೇಳೋದು ಪೂರ್ತಿ ಸುಳ್ಳಲ್ಲ. ಕಣ್ಣಿನ ಹೊರಮೂಲೆಯ ಮೇಲ್ಭಾಗದಲ್ಲಿ ಕಣ್ಣೀರಿನ ಗ್ರಂಥಿ ಇದೆ. ಒಳಮೂಲೆಯಲ್ಲಿ, ಮೇಲಿನ ರೆಪ್ಪೆಗೊಂದು ಕೆಳಗಿನ ರೆಪ್ಪೆಗೊಂದು ಸಣ್ಣ ತೂತಿದೆ. ಅಲ್ಲಿಂದ ನಾಳ ಮೂಗಿನೊಳಗೆ ಇಳಿಯುತ್ತೆ. ನಮ್ಮ ಲೆಕ್ಕದಲ್ಲಿ ಒಂದು ಇನ್‌ಲೆಟ್, ಒಂದು ಡ್ರೈನ್. ಒಳಹರಿವು ಕಡಿಮೆ ಇದ್ದಾಗ ಎಲ್ಲವೂ ಮೂಗಿಗೇ ಹೋಗುತ್ತೆ. ಡ್ರೈನ್ ಸಾಲದೇ ಹೋದಾಗ ಕೆನ್ನೆ ಮೇಲೆ ಇಳಿಯುತ್ತೆ. ಅದಕ್ಕೇ ಅಳು ತಡೆದುಕೊಂಡವನ ಮೂಗು ಮೊದಲು ಸೋರೋದು. ಗಂಟಲು ಕಟ್ಟೋದೂ ಹೀಗೇ. ದುಃಖ ಬಂದಾಗ ದೇಹ ಹೆಚ್ಚು ಉಸಿರು ಬೇಕು ಅಂತ ಶ್ವಾಸನಾಳದ ಬಾಯಿ ತೆರೆದಿಡುತ್ತೆ, ನಾವು ಉಗುಳು ನುಂಗಿ ಅದನ್ನ ಮುಚ್ಚೋಕೆ ನೋಡ್ತೀವಿ. ಈ ಎಳೆದಾಟವೇ ಗಂಟಲಲ್ಲಿ ಗಡ್ಡೆ ಕೂತ ಹಾಗೆ ಅನ್ನಿಸೋದು.

ಸಿನಿಮಾದ ಅಳುವನ್ನ ವಿಜ್ಞಾನಿಗಳೂ ಬಿಟ್ಟಿಲ್ಲ. ಅಮೆರಿಕದ ವಿಲಿಯಂ ಫ್ರೇ 1980ರ ದಶಕದ ಶುರುವಿನಲ್ಲಿ ಜನರಿಗೆ ದುಃಖದ ಸಿನಿಮಾ ತೋರಿಸಿ ಕಣ್ಣೀರು ಹಿಡಿದಿಟ್ಟುಕೊಂಡರು. ಅದನ್ನ ಈರುಳ್ಳಿಯಿಂದ ಬಂದ ಕಣ್ಣೀರಿಗೆ ಹೋಲಿಸಿ ನೋಡಿದರೆ ಸಿನಿಮಾದ್ದರಲ್ಲಿ ಪ್ರೋಟೀನ್ ಜಾಸ್ತಿ ಇತ್ತು. ಆಮೇಲೆ ಗ್ರಾಸ್ ಮತ್ತು ಲೆವೆನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಯೋಗಾಲಯದಲ್ಲಿ ಬೇರೆ ಬೇರೆ ಭಾವನೆ ಹುಟ್ಟಿಸೋ ಸಿನಿಮಾ ತುಣುಕುಗಳನ್ನ ಹುಡುಕಿ 1995ರಲ್ಲಿ ಪಟ್ಟಿ ಕೊಟ್ಟರು. ದುಃಖಕ್ಕೆ ಅವರು ಆರಿಸಿದ್ದರಲ್ಲಿ 1979ರ ‘ದಿ ಚಾಂಪ್’ ಚಿತ್ರದ ಒಂದು ದೃಶ್ಯ ಇದೆ. ಮೂರು ನಿಮಿಷವೂ ಇಲ್ಲ. ಬಾಕ್ಸರ್ ಅಪ್ಪ ಪಂದ್ಯ ಮುಗಿಸಿ ಬಂದು ಮೇಜಿನ ಮೇಲೆ ಸತ್ತಿದ್ದಾನೆ, ಪುಟ್ಟ ಮಗ ಅವನನ್ನ ಎಬ್ಬಿಸ್ತಾ ಇದ್ದಾನೆ.

ಅಲ್ಲಿ ಹುಡುಗ ಏನು ಮಾಡಿದರೂ ಅಪ್ಪ ಏಳಲ್ಲ. ನಮ್ಮ ಪ್ರಕಾರ ಗುಟ್ಟು ಇರೋದು ಅಲ್ಲೇ. ಸಾವು ಇದ್ದರೆ ಸಾಕು ಅಳು ಬರುತ್ತೆ ಅನ್ನೋ ಹಾಗಿದ್ದರೆ ನಮ್ಮ ಮಾಸ್ ಸಿನಿಮಾಗಳಲ್ಲಿ ಫೈಟಿಗೊಂದು ಸಲ ಅಳಬೇಕಿತ್ತು. ಗಂಡಸರು ಕರಗೋದು ಕೈಲಾದವನ ಕೈ ಸೋತಾಗ. ಗಂಡುಮಗು ಅಂದರೆ ಚಿಕ್ಕಂದಿನಿಂದ ‘ಏನಾದ್ರೂ ಮಾಡು’ ಅನ್ನಿಸಿಕೊಂಡು ಬೆಳೆದವನು. ಇಂಜಿನಿಯರಿಂಗ್ ಸೇರಿದ ಮೇಲಂತೂ ಪ್ರತಿ ಪ್ರಶ್ನೆಗೂ ಸಲ್ಯೂಷನ್ ಇರಲೇಬೇಕು, ಇಲ್ಲದಿದ್ದರೆ ಪ್ರಶ್ನೆಯೇ ತಪ್ಪು, ಗ್ರೇಸ್ ಮಾರ್ಕ್ಸ್ ಕೊಡಿ ಅಂತೀವಿ. ಸಲ್ಯೂಷನ್ನೇ ಇಲ್ಲದ ದೃಶ್ಯ ಎದುರಾದಾಗ ನಮ್ಮ ಹತ್ತಿರ ಉಳಿಯೋದು ಕಣ್ಣೀರು ಒಂದೇ.

2005ರ ‘ಜೋಗಿ’ ನೋಡಿ. ಪ್ರೇಮ್ ನಿರ್ದೇಶನ, ಶಿವಣ್ಣ ಹೀರೋ. ಮಗನನ್ನ ಹುಡುಕಿಕೊಂಡು ಹಳ್ಳಿಯಿಂದ ಬೆಂಗಳೂರಿಗೆ ಬರೋ ತಾಯಿ ಅರುಂಧತಿ ನಾಗ್. ಸಿನಿಮಾ ಉದ್ದಕ್ಕೂ ಇಬ್ಬರೂ ಒಂದೇ ಊರಿನಲ್ಲಿ ಇದ್ದಾರೆ, ಆದರೂ ಸಿಗಲ್ಲ. ಕೊನೆಗೆ ಯಾರದೋ ಹೆಣ ಅಂದ್ಕೊಂಡು ಮಗ ಅದರ ಮುಂದೆ ಕುಣೀತಾನೆ. ಹೆಣ ಯಾರದು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಮಚ್ಚು ಹಿಡಿದರೆ ಊರೇ ನಡುಗೋ ಮನುಷ್ಯ, ಆದರೆ ನಾಲ್ಕು ಹೆಜ್ಜೆ ಹಿಂದೆ ತಿರುಗಿ ನೋಡು ಅಂತ ಅವನಿಗೆ ಹೇಳೋರಿಲ್ಲ. ಅವನು ಅಳೋದಕ್ಕಿಂತ ಮೊದಲೇ, ಅವನು ಕುಣೀತಿರುವಾಗಲೇ ನಮ್ಮ ಎದೆ ಒಡೆದಿರುತ್ತೆ. ಹಿನ್ನೆಲೆ ಸಂಗೀತ ಇಲ್ಲದಿದ್ದರೂ ಈ ದೃಶ್ಯ ನಿಲ್ಲುತ್ತೆ ಅಂತ ನಮ್ಮ ವಾದ. ಮ್ಯೂಟ್ ಮಾಡಿ ನೋಡಿ.

ನಮ್ಮ ಅಪ್ಪಂದಿರಿಗೆ, ಅಜ್ಜಂದಿರಿಗೆ ಇದೇ ಕೆಲಸ ಮಾಡಿದ್ದು 1971ರ ‘ಕಸ್ತೂರಿ ನಿವಾಸ’. ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಬರಿಗೈ ಆದ ಸಾಹುಕಾರ ರಾಜ್‌ಕುಮಾರ್. ಮನೆಗೆ ಬಂದವಳಿಗೆ ಊಟ ಹಾಕೋಕೆ ಉಳಿದಿದ್ದ ಪಾರಿವಾಳವನ್ನೂ ಮಾರಿಬಿಡ್ತಾನೆ. ಆದರೆ ಅವಳು ಬಂದಿದ್ದೇ ಆ ಪಾರಿವಾಳ ಕೇಳೋಕೆ. ಇಲ್ಲ ಅನ್ನೋ ಮಾತು ಆ ಬಾಯಿಗೆ ಗೊತ್ತಿಲ್ಲ. 2014ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣ ಬೇಕಿರಲಿಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ಯ ಧರ್ಮನದೂ ಇದೇ ಕಥೆ. ಕ್ಯಾನ್ಸರ್ ಆಗಿರೋ ನಾಯಿಗೆ ಹಿಮ ತೋರಿಸೋಕೆ ದೇಶದ ಆ ತುದಿವರೆಗೂ ಗಾಡಿ ಓಡಿಸಬಲ್ಲ, ಅದರ ಆಯಸ್ಸಿಗೆ ಒಂದು ದಿನ ಸೇರಿಸಲಾರ. 2022ರ ಜೂನ್‌ನಲ್ಲಿ ಈ ಸಿನಿಮಾ ನೋಡಿ ಬಂದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕ್ಯಾಮೆರಾಗಳ ಮುಂದೆಯೇ ಗಳಗಳ ಅತ್ತರು. ಅದರ ಹಿಂದಿನ ವರ್ಷ ಅವರು ತಮ್ಮ ಮನೆಯ ನಾಯಿಯನ್ನ ಕಳಕೊಂಡಿದ್ದರು. ಅಂದರೆ ಪರದೆ ಮೇಲಿನ ನಾಯಿ ಒಂದು ನೆಪ.

ನೆಪ ಅಂದೆವಲ್ಲ, ಅದು ನಮ್ಮಲ್ಲೂ ಉಂಟು. ನಮ್ಮ ಗೆಳೆಯನೊಬ್ಬ ಮೂರನೇ ಸೆಮಿಸ್ಟರಿನಲ್ಲಿ ಅಪ್ಪನನ್ನ ಕಳಕೊಂಡ. ಊರಿಗೆ ಹೋಗಿ ತಿಥಿ ಮುಗಿಸಿ, ತಲೆ ಬೋಳಿಸಿಕೊಂಡು ವಾಪಸ್ ಬಂದು ಇಂಟರ್ನಲ್ಸ್ ಬರೆದ. ಒಂದು ಹನಿ ಹಾಕಲಿಲ್ಲ. ಗಟ್ಟಿ ಹುಡುಗ ಅಂದ್ವಿ, ಅವನ ಬೆನ್ನು ತಟ್ಟಿದ್ವಿ. ಎರಡು ತಿಂಗಳಾದ ಮೇಲೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ನೋಡ್ತಾ ಕೂತಾಗ ಒಡೆದುಹೋದ. 2016ರ ಹೇಮಂತ್ ರಾವ್ ಸಿನಿಮಾ ಅದು. ಮರೆವಿನ ಕಾಯಿಲೆಯ ಅಪ್ಪ ಅನಂತ್‌ನಾಗ್ ಕಾಣೆಯಾಗಿದ್ದಾರೆ, ಮಗ ರಕ್ಷಿತ್ ಶೆಟ್ಟಿ ಹುಡುಕ್ತಿದ್ದಾನೆ. ಶೀರ್ಷಿಕೆಯೇ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಭಾಷೆ. ಅಪ್ಪನ ಬಗ್ಗೆ ಮಗನಿಗೆ ಅಷ್ಟೇ ಗೊತ್ತು, ಬಣ್ಣ ಮತ್ತು ಮೈಕಟ್ಟು. ಉಳಿದದ್ದನ್ನ ಅವನಿಗೆ ಡಾಕ್ಟರೊಬ್ಬಳು ಹೇಳಬೇಕು. ನಮ್ಮ ಗೆಳೆಯ ಅವತ್ತು ಯಾವ ನೆಪವನ್ನೂ ಹೇಳಲಿಲ್ಲ, ಯಾರೂ ಅವನನ್ನ ರೇಗಿಸಲೂ ಇಲ್ಲ. ಸಿನಿಮಾ ನಿಲ್ಲಿಸಿ, ಆಮೇಲೆ ಎಲ್ಲರೂ ಟೀ ಕುಡಿಯೋಕೆ ಗೇಟಿನ ಹೊರಗೆ ಹೋದ್ವಿ.

ಅತ್ತರೆ ಹಗುರ ಆಗುತ್ತೆ ಅಂತಾರಲ್ಲ, ಅದು ಕೂಡಲೇ ಆಗಲ್ಲ. 2015ರಲ್ಲಿ ಪ್ರಕಟವಾದ ವಿಂಗರ್‌ಹೂಟ್ಸ್ ತಂಡದ ಅಧ್ಯಯನದಲ್ಲಿ ‘ಲೈಫ್ ಈಸ್ ಬ್ಯೂಟಿಫುಲ್’ ಮತ್ತು ನಾಯಿಯ ಕಥೆಯ ‘ಹಾಚಿ’ ತೋರಿಸಿ ನೋಡಿದರು. ಅತ್ತವರ ಮನಸ್ಸು ಮೊದಲು ಇನ್ನೂ ಕುಸಿಯಿತು, ಸುಮಾರು ಇಪ್ಪತ್ತು ನಿಮಿಷಕ್ಕೆ ಮಾಮೂಲಿಗೆ ಬಂತು, ಒಂದೂವರೆ ಗಂಟೆ ಹೊತ್ತಿಗೆ ಸಿನಿಮಾಕ್ಕೆ ಮುಂಚೆ ಇದ್ದದ್ದಕ್ಕಿಂತ ಚೆನ್ನಾಗಿತ್ತು. ಟೀ ಅಂಗಡಿಗೆ ಹೋಗಿಬರೋಕೆ ನಮಗೆ ಹಿಡಿಯೋದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಅಂದಹಾಗೆ ಈ ಸಲ ನಮ್ಮ ಕನ್ನಡ ಸಂಘದ ಸಿನಿಮಾ ಸಂಜೆಗೆ 1985ರ ‘ಬೆಟ್ಟದ ಹೂವು’ ಹಾಕ್ತಿದ್ದೀವಿ. ರಾಮಾಯಣದ ಪುಸ್ತಕಕ್ಕೆ ಅಂತ ಹೂವು ಮಾರಿ ಕಾಸು ಕೂಡಿಟ್ಟ ಹುಡುಗ, ಆ ದುಡ್ಡಲ್ಲಿ ಮನೆಯವರಿಗೆ ಕಂಬಳಿ ತಗೊಂಡು ಹೋಗ್ತಾನೆ. ಆ ಹುಡುಗ ಪುನೀತ್. ಪ್ರೊಜೆಕ್ಟರ್ ನೋಡಿಕೊಳ್ಳೋ ಅಣ್ಣನಿಗೆ ಹೇಳಿದ್ದೀವಿ, ಸಿನಿಮಾ ಮುಗಿದ ಮೇಲೆ ಐದು ನಿಮಿಷ ಲೈಟ್ ಹಾಕಬೇಡಿ ಅಂತ. ಮುಂದಿನ ಸಾಲಲ್ಲಿ ಕೂರೋ ಮೇಷ್ಟ್ರುಗಳಿಗೂ ಬೇಕಾಗಬಹುದು.