ಮಿತವ್ಯಯದಲ್ಲಿ ದೂರದರ್ಶಕದ ಆಯ್ಕೆ

ಊರಿನ ಅಂಗಳದಲ್ಲಿ ಚಾಪೆ ಹಾಸಿ ಮಲಗಿ, ಅಜ್ಜಿಯ ಬೆರಳ ಗುರುತಿನಿಂದ ಸಪ್ತರ್ಷಿಗಳನ್ನೂ ಅರುಂಧತಿಯನ್ನೂ ಕಂಡವರು ಮಹಾನಗರಕ್ಕೆ ಬಂದು ಕಳೆದುಕೊಂಡ ವಸ್ತುಗಳಲ್ಲಿ ಆಕಾಶವೂ ಒಂದು. ಆದರೂ ಅವರ ಮನೆಯ ಮಕ್ಕಳು ದೂರದರ್ಶಕ ಬೇಕೆಂದು ಹಠ ಹಿಡಿಯುವುದುಂಟು. ತಂದೆ ಅಂಗಡಿಗೆ ಹೋಗಿ, ಡಬ್ಬದ ಮೇಲೆ ‘525 ಪಟ್ಟು ವರ್ಧನೆ’ ಎಂದು ಅಚ್ಚಾಗಿರುವ, ಶನಿಗ್ರಹದ ಬಣ್ಣದ ಚಿತ್ರವಿರುವ ಉಪಕರಣವನ್ನು ತರುತ್ತಾನೆ. ಮೂರನೆಯ ರಾತ್ರಿಗೆ ಅದು ಅಟ್ಟ ಸೇರುತ್ತದೆ. ಹಣ ಹೋದುದಕ್ಕಿಂತ ಮಗುವಿನ ಕುತೂಹಲ ಬತ್ತಿದುದೇ ಹೆಚ್ಚಿನ ನಷ್ಟ.

ಈ 525 ಎಂಬ ಅಂಕಿ ಎಲ್ಲಿಂದ ಬಂದಿತು? ಮುಂದಿನ ದೊಡ್ಡ ಮಸೂರದ ಸಂಗಮದೂರವನ್ನು ಕಣ್ಣಿನ ಬಳಿಯ ನೇತ್ರಮಸೂರದ, ಅಂದರೆ ಐಪೀಸಿನ, ಸಂಗಮದೂರದಿಂದ ಭಾಗಿಸಿದರೆ ವರ್ಧನೆ ದೊರೆಯುತ್ತದೆ. 700 ಮಿಲಿಮೀಟರಿನ ಮಸೂರಕ್ಕೆ 4 ಮಿಲಿಮೀಟರಿನ ಐಪೀಸು ಸೇರಿದರೆ 175 ಪಟ್ಟು. ನಡುವೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರವನ್ನಿಟ್ಟರೆ 525. ಲೆಕ್ಕದಲ್ಲಿ ಸುಳ್ಳಿಲ್ಲ. ಆದರೆ ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿಗಿಂತ ಹೆಚ್ಚು ವರ್ಧನೆ ಉಪಯೋಗಕ್ಕೆ ಬಾರದು. 60 ಮಿಲಿಮೀಟರಿನ ಉಪಕರಣಕ್ಕೆ 120 ಪಟ್ಟು ಪರಮಾವಧಿ. ಅದನ್ನು ಮೀರಿದರೆ ಬಿಂಬ ದೊಡ್ಡದಾಗುತ್ತದೆಯೇ ಹೊರತು ವಿವರ ಹೆಚ್ಚುವುದಿಲ್ಲ. ಮಬ್ಬು ಮಾತ್ರ ಹೆಚ್ಚುತ್ತದೆ.

ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ವ್ಯಾಸದ್ದು. ದೂರದರ್ಶಕದ ಮುಖ್ಯ ಕಾರ್ಯ ಬೆಳಕನ್ನು ಸಂಗ್ರಹಿಸುವುದು. ಕತ್ತಲಲ್ಲಿ ಅರಳಿದ ಕಣ್ಣಿನ ಪಾಪೆ ಹೆಚ್ಚೆಂದರೆ 7 ಮಿಲಿಮೀಟರು. 60 ಮಿಲಿಮೀಟರಿನ ಮಸೂರ ಅದಕ್ಕಿಂತ ಎಪ್ಪತ್ತಕ್ಕೂ ಹೆಚ್ಚು ಪಟ್ಟು ಬೆಳಕನ್ನು ಹಿಡಿಯುತ್ತದೆ. 130 ಮಿಲಿಮೀಟರಿನ ದರ್ಪಣ 60ರ ಮಸೂರಕ್ಕಿಂತ ನಾಲ್ಕೂವರೆ ಪಟ್ಟಿಗೂ ಮಿಗಿಲು. ಅಷ್ಟೇ ವ್ಯಾಸದ ಒಳ್ಳೆಯ ಮಸೂರಕ್ಕಿಂತ ದರ್ಪಣ ಅಗ್ಗ. ನ್ಯೂಟನ್ 1668ರಲ್ಲಿ ರಚಿಸಿದ ಈ ಬಗೆಯೇ ಮಿತವ್ಯಯಿಗೆ ಇಂದಿಗೂ ಲಾಭಕರ.

ಎರಡನೆಯ ಪ್ರಶ್ನೆ ಸ್ಟ್ಯಾಂಡಿನದು. ಅಗ್ಗದ ಉಪಕರಣಗಳ ಮುಕ್ಕಾಲಿ ಸ್ಟ್ಯಾಂಡು ಕೈ ತಾಗಿದರೆ ಸಾಕು, ನಡುಗುತ್ತದೆ. ನೂರು ಪಟ್ಟು ವರ್ಧನೆಯಲ್ಲಿ ನಡುಕವೂ ನೂರು ಪಟ್ಟಾಗುತ್ತದೆ. ಇದಕ್ಕೆ ಪರಿಹಾರ ಕಂಡವರಲ್ಲಿ ಜಾನ್ ಡಾಬ್ಸನ್ ಪ್ರಮುಖರು. 1944ರಲ್ಲಿ ಸಾನ್ ಫ್ರಾನ್ಸಿಸ್ಕೋದ ವೇದಾಂತ ಆಶ್ರಮ ಸೇರಿ 1967ರವರೆಗೆ ಸಂನ್ಯಾಸಿಯಾಗಿದ್ದ ಅವರು ಹಡಗಿನ ಕಿಟಕಿಯ ಗಾಜನ್ನು ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆಯಲ್ಲಿ ಕೂರಿಸಿ, ಮರದ ಪೆಟ್ಟಿಗೆಯ ಮೇಲೆ ತಿರುಗುವಂತೆ ಅಳವಡಿಸಿದರು. ಬೀದಿಬದಿಯಲ್ಲಿ ನಿಂತು ದಾರಿಹೋಕರಿಗೆ ಚಂದ್ರನನ್ನು ತೋರಿಸಿದರು. ಇಂದು ‘ಡಾಬ್ಸೋನಿಯನ್’ ಎಂದು ಹೆಸರಾದ ಈ ಬಗೆ ನೋಡಲು ಫಿರಂಗಿಯಂತಿದ್ದರೂ ಅಲುಗುವುದಿಲ್ಲ. ಮೇಜಿನ ಮೇಲಿಡಬಹುದಾದ 114 ಅಥವಾ 130 ಮಿಲಿಮೀಟರಿನ ಡಾಬ್ಸೋನಿಯನ್ ಫ್ಲ್ಯಾಟಿನ ಕಪಾಟಿನಲ್ಲಿಯೂ ಹಿಡಿಸೀತು.

ಅಷ್ಟು ಹಣವಿಲ್ಲದವರು ಕಳಪೆ ದೂರದರ್ಶಕಕ್ಕಿಂತ 7×50 ಅಥವಾ 10×50 ಅಳತೆಯ ದುರ್ಬೀನನ್ನು ಕೊಳ್ಳುವುದು ಮೇಲು. ಕೃತ್ತಿಕೆಯ ಗುಂಪು ಅದರಲ್ಲಿಯೇ ಹೆಚ್ಚು ಸುಂದರ. ಆಸಕ್ತಿ ಉಳಿಯದಿದ್ದರೂ ಊರಿನ ಪ್ರವಾಸಕ್ಕೆ ದುರ್ಬೀನು ಒದಗುತ್ತದೆ.

ನಗರದಿಂದ ಏನು ಕಂಡೀತು ಎಂಬ ಸಂಶಯ ಸಹಜ. ನೀಹಾರಿಕೆಗಳನ್ನು ಬೀದಿದೀಪಗಳು ನುಂಗಿಬಿಡುತ್ತವೆ, ನಿಜ. ಆದರೆ ಚಂದ್ರ ಮತ್ತು ಗ್ರಹಗಳಿಗೆ ನಗರದ ಬೆಳಕು ಅಡ್ಡಿಯಲ್ಲ. ಅಷ್ಟಮಿಯ ಚಂದ್ರನಲ್ಲಿ ಬೆಳಕು ಕತ್ತಲೆಗಳು ಸೇರುವ ಗೆರೆಯಗುಂಟ ಕುಳಿಗಳ ನೆರಳು ಸ್ಪಷ್ಟ. ಹುಣ್ಣಿಮೆಯಂದು ನೆರಳಿಲ್ಲದೆ ಸಪ್ಪೆ. ಗೆಲಿಲಿಯೊ 1610ರ ಜನವರಿಯಲ್ಲಿ ಕಂಡ ಗುರುವಿನ ನಾಲ್ಕು ಚಂದ್ರರು ಗಟ್ಟಿಯಾಗಿ ಹಿಡಿದ ದುರ್ಬೀನಿಗೂ ಸಿಗುತ್ತವೆ. ಶನಿಯ ಉಂಗುರಕ್ಕೆ ಮೂವತ್ತು ಪಟ್ಟು ಸಾಕು. 2025ರಲ್ಲಿ ಅಂಚು ತಿರುಗಿಸಿ ಮರೆಯಾಗಿದ್ದ ಅದು ಈಗ ಮತ್ತೆ ವರ್ಷವರ್ಷಕ್ಕೆ ತೆರೆದುಕೊಳ್ಳುತ್ತಿದೆ. ಕಿಟಕಿಯ ಗಾಜಿನ ಮೂಲಕ ನೋಡಬಾರದು. ಹಗಲೆಲ್ಲ ಕಾದ ತಾರಸಿಯಿಂದ ಬಿಸಿ ಏಳುವುದರಿಂದ ಬಿಂಬ ಕುದಿಯುವಂತೆ ತೋರುತ್ತದೆ. ರಾತ್ರಿ ಕಳೆದಷ್ಟೂ ಒಳ್ಳೆಯದು. ಕೊಳ್ಳುವ ಮುನ್ನ ಪುಣೆಯಲ್ಲಿ 1944ರಿಂದಲೂ ಇರುವ ಜ್ಯೋತಿರ್ವಿದ್ಯಾ ಪರಿಸಂಸ್ಥೆ, ಮುಂಬಯಿಯ ಖಗೋಲ ಮಂಡಲದಂಥ ಹವ್ಯಾಸಿ ಕೂಟಗಳ ವೀಕ್ಷಣಾ ರಾತ್ರಿಗೆ ಹೋಗಿ ಬಗೆಬಗೆಯ ಉಪಕರಣಗಳಲ್ಲಿ ಕಣ್ಣಿಟ್ಟು ಬರುವುದು ಜಾಣತನ.

ಕಣ್ಣಿನ ವಿಷಯದಲ್ಲಿ ಕೆಲವು ಮಾತುಗಳು ಅವಶ್ಯ. ದೂರದೃಷ್ಟಿ, ಸಮೀಪದೃಷ್ಟಿಯವರು ಕನ್ನಡಕ ತೆಗೆದು ಫೋಕಸ್ ಸರಿಪಡಿಸಿಕೊಳ್ಳಬಹುದು. ಸಿಲಿಂಡರ್ ನಂಬರು ಹೆಚ್ಚಾಗಿ ಉಳ್ಳವರಿಗೆ ಕನ್ನಡಕ ಬೇಕೇ ಬೇಕು. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯುತ್ತದೆ, ಮೊಬೈಲಿನ ಪರದೆ ಅದನ್ನು ಕ್ಷಣದಲ್ಲಿ ಕೆಡಿಸುತ್ತದೆ. ನಕ್ಷತ್ರಪಟ ನೋಡಲು ಕೆಂಪು ಕಾಗದ ಸುತ್ತಿದ ಮಂದ ಟಾರ್ಚ್ ಸಾಕು.

ಇವೆಲ್ಲಕ್ಕಿಂತ ಗುರುತರವಾದುದು ಸೂರ್ಯನ ವಿಚಾರ. ದೂರದರ್ಶಕದಲ್ಲಿ ಒಂದು ಕ್ಷಣ ಸೂರ್ಯನನ್ನು ನೋಡಿದರೂ ಅಕ್ಷಿಪಟಲ ಸುಟ್ಟು ದೃಷ್ಟಿ ಶಾಶ್ವತವಾಗಿ ನಷ್ಟವಾಗಬಹುದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲವಾದ್ದರಿಂದ ಮಗು ಕೂಗುವುದೂ ಇಲ್ಲ. ಕೆಲವು ಅಗ್ಗದ ಉಪಕರಣಗಳ ಜೊತೆಗೆ ಐಪೀಸಿಗೆ ತಿರುಚಿ ಕೂರಿಸುವ ಕಪ್ಪು ಗಾಜೊಂದು ಬರುತ್ತದೆ. ಕೇಂದ್ರೀಕೃತ ಶಾಖಕ್ಕೆ ಅದು ಫಕ್ಕನೆ ಸೀಳಬಹುದು. ಡಬ್ಬ ಬಿಚ್ಚಿದ ದಿನವೇ ಅದನ್ನು ಒಡೆದು ಎಸೆಯಬೇಕು. ಹಗಲಿನಲ್ಲಿ ಉಪಕರಣವನ್ನು ಮಕ್ಕಳ ಕೈಗೆ ಎಟುಕದಂತೆ, ಮುಚ್ಚಳ ಹಾಕಿ, ಕರಾವಳಿ ನಗರಗಳಲ್ಲಿ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಒಳಗಿಡತಕ್ಕದ್ದು.