ಮುಷ್ಕರದ ಹಿಂದಿನ ಆರ್ಥಿಕ ಲೆಕ್ಕಾಚಾರ

ಕಾರ್ಖಾನೆಯಲ್ಲಿ ಮುಷ್ಕರ ನಡೆದಾಗ ಅದರ ಹೊಣೆಯನ್ನು ಕಾರ್ಮಿಕ ಮುಖಂಡರ ಮೇಲೆ ಹೊರಿಸುವುದು ವಾಡಿಕೆ. ಆದರೆ ಬಹುತೇಕ ಮುಷ್ಕರಗಳ ಹಿಂದೆ ಎರಡು ಆರ್ಥಿಕ ಅಂಶಗಳಿರುತ್ತವೆ. ಮೊದಲನೆಯದು, ಬೆಲೆ ಏರಿಕೆಯಿಂದ ಕುಸಿಯುವ ನೈಜ ವೇತನ. ಇದು ಅಸಮಾಧಾನವನ್ನು ಹುಟ್ಟಿಸುತ್ತದೆ. ಎರಡನೆಯದು, ಉತ್ಪನ್ನಕ್ಕಿರುವ ಬೇಡಿಕೆ. ಇದು ಉಭಯ ಪಕ್ಷಗಳ ಚೌಕಾಸಿ ಶಕ್ತಿಯನ್ನು ನಿರ್ಧರಿಸುತ್ತದೆ.

ಮೊದಲನೆಯ ಅಂಶಕ್ಕೆ 1974ರ ರೈಲ್ವೆ ಮುಷ್ಕರ ಉತ್ತಮ ನಿದರ್ಶನ. ಬರಗಾಲದಿಂದ ಆಹಾರಧಾನ್ಯ ದುಬಾರಿಯಾಗಿತ್ತು. 1973ರ ಕೊನೆಯಲ್ಲಿ ಕಚ್ಚಾ ತೈಲದ ಬೆಲೆಯೂ ಗಗನಕ್ಕೇರಿತು. 1974ರಲ್ಲಿ ಸಗಟು ಬೆಲೆಗಳ ಏರಿಕೆ ಶೇ. 20ನ್ನು ಮೀರಿತ್ತು. ಜಾರ್ಜ್ ಫರ್ನಾಂಡಿಸ್ ಅವರ ನಾಯಕತ್ವದಲ್ಲಿ ಮೇ 8ರಂದು ಆರಂಭವಾದ ಮುಷ್ಕರದ ಬೇಡಿಕೆಗಳಲ್ಲಿ ಬೋನಸ್ಸಿನೊಡನೆ, ಬೆಲೆ ಸೂಚ್ಯಂಕಕ್ಕೆ ಹೊಂದಿಸಿದ ತುಟ್ಟಿಭತ್ಯೆಯೂ ಸೇರಿತ್ತು.

ಎರಡನೆಯ ಅಂಶವನ್ನು ಮುಂಬಯಿಯ ಜವಳಿ ಗಿರಣಿಗಳಲ್ಲಿ ಕಾಣಬಹುದು. 1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆದರೆ ವಿದ್ಯುತ್ ಮಗ್ಗಗಳ ಪೈಪೋಟಿಯಿಂದ ಗಿರಣಿಗಳು ಅದಾಗಲೇ ಸೊರಗಿದ್ದವು. ಮಾಲೀಕರಿಗೆ ಉತ್ಪಾದನೆಯ ತುರ್ತಿರಲಿಲ್ಲ. ಒಂದು ವರ್ಷಕ್ಕೂ ಮಿಕ್ಕಿ ಎಳೆದ ಮುಷ್ಕರದಿಂದ ಸಹಸ್ರಾರು ಕಾರ್ಮಿಕರು ಉದ್ಯೋಗ ಕಳೆದುಕೊಂಡರು. ಹಲವು ಗಿರಣಿಗಳೂ ಚೇತರಿಸಿಕೊಳ್ಳಲಿಲ್ಲ.

ಮಾರುಕಟ್ಟೆ ಬಿರುಸಾಗಿರುವಾಗ ಪರಿಸ್ಥಿತಿ ಇದಕ್ಕೆ ವಿರುದ್ಧ. ಆರ್ಡರುಗಳು ಕೈತುಂಬ ಇರುವಾಗ ಒಂದು ವಾರದ ಸ್ಥಗಿತವೂ ಗ್ರಾಹಕರನ್ನು ದೂರ ಮಾಡಬಲ್ಲದು. ಬ್ಯಾಂಕಿನ ಬಡ್ಡಿ, ಕಟ್ಟಡದ ಬಾಡಿಗೆ ನಿಲ್ಲುವುದಿಲ್ಲ. ಆದುದರಿಂದ ಇಂತಹ ಕಾಲದಲ್ಲಿ ರಾಜಿ ಬೇಗನೆ ಆಗುವುದು ಸಹಜ.

ಸಣ್ಣ ಉದ್ಯಮಿಗಳು ಇದರಿಂದ ಕಲಿಯಬೇಕಾದುದೇನು? ಕೇಂದ್ರದ ಕಾರ್ಮಿಕ ಬ್ಯೂರೋ ಪ್ರತಿ ತಿಂಗಳು ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ತಮ್ಮ ವೇತನ ಪಟ್ಟಿಯೊಡನೆ ಹೋಲಿಸಿ ನೋಡುವುದು ಒಳಿತು. ಉದಾಹರಣೆಗೆ, ಸೂಚ್ಯಂಕ ಶೇ. 8ರಷ್ಟು ಏರಿದ ವರ್ಷದಲ್ಲಿ ವೇತನವನ್ನು ಶೇ. 5ರಷ್ಟು ಹೆಚ್ಚಿಸಿದರೆ ನೈಜ ವೇತನ ಸುಮಾರು ಶೇ. 2.8ರಷ್ಟು ಇಳಿದಂತಾಯಿತು. ನಮ್ಮ ಪುಸ್ತಕದಲ್ಲಿ ಅದು ಏರಿಕೆ. ಕಾರ್ಮಿಕನ ಮನೆಯಲ್ಲಿ ಅದು ಕಡಿತ.

ತುಟ್ಟಿಭತ್ಯೆಯ ಸೂತ್ರವನ್ನು ಒಪ್ಪಂದದಲ್ಲಿಯೇ ಸೇರಿಸಿದರೆ ಪ್ರತಿವರ್ಷದ ಜಗ್ಗಾಟ ಕಡಿಮೆಯಾಗುತ್ತದೆ. ವ್ಯಾಪಾರ ಕುಂದಿದಾಗ ಲೆಕ್ಕಪತ್ರಗಳನ್ನು ಕಾರ್ಮಿಕ ಪ್ರತಿನಿಧಿಗಳ ಮುಂದಿಡಲು ಹಿಂಜರಿಯಬಾರದು. ಲಾಭದ ವರ್ಷಗಳಲ್ಲಿಯೂ ಲೆಕ್ಕ ತೋರಿಸಿದವರ ಮಾತಿಗೆ ನಷ್ಟದ ವರ್ಷದಲ್ಲಿ ಬೆಲೆಯಿರುತ್ತದೆ.