ಹಾಡು ಊರೂರು ತಿರುಗಿತು, ಹೆಸರು ಮನೆಯಲ್ಲೇ ಉಳಿಯಿತು

ಕಳೆದ ಬೇಸಿಗೆಯ ಮಾತು. ಕೆರೆಬಿಳಚಿಯಲ್ಲಿ ಒಂದು ಮದುವೆ. ಎರಡನೇ ಪಂಕ್ತಿಯ ಊಟ ನಡೆದಿತ್ತು. ಶಾಮಿಯಾನದ ಕಂಬಕ್ಕೆ ಕಟ್ಟಿದ್ದ ಧ್ವನಿವರ್ಧಕದಲ್ಲಿ ಸಿನಿಮಾ ಹಾಡುಗಳ ನಡುವೆ ಇದ್ದಕ್ಕಿದ್ದಂತೆ ಬೇರೊಂದು ಹಾಡು ಬಂತು. ಪಕ್ಕವಾದ್ಯವೆಂದರೆ ಹಾರ್ಮೋನಿಯಂ ಒಂದೇ. ಎಳೆಯ ಗಂಡುದನಿ. ಸೂಳೆಕೆರೆಯ ನೀರು ತಗ್ಗಿದ ವರ್ಷ ಏರಿಯ ಮೇಲೆ ಕುಳಿತ ಮುದುಕನೊಬ್ಬ ಕೆರೆಯನ್ನು ಮಾತನಾಡಿಸುವ ಹಾಡು. ಬುಂದಿಯ ಬಕೆಟ್ ಹಿಡಿದು ಬಡಿಸುತ್ತಿದ್ದ ಹುಡುಗ ನನ್ನ ಎಲೆಯ ಮುಂದೆ ನಿಂತೇಬಿಟ್ಟ.

“ಸಾರ್, ಇದು ನಂದು.”

“ಏನೋ ನಿಂದು?”

“ಹಾಡು ಸಾರ್. ನಾನೇ ಕಟ್ಟಿದ್ದು, ನಾನೇ ಹಾಡಿದ್ದು.”

ಕೈ ತೊಳೆದು ಇಬ್ಬರೂ ಮೈಕ್ ಸೆಟ್ಟಿನವನ ಬಳಿ ಹೋದೆವು. ಅವನ ಮೊಬೈಲಿನ ಪರದೆಯ ಮೇಲೆ ಯಾವುದೋ ದೇವಸ್ಥಾನದ ಚಿತ್ರ, ಅದರ ಕೆಳಗೆ ಬೇರೆ ಯಾರದೋ ಹೆಸರು. ಹುಡುಗ ವಾದಿಸಿದ. ಮೈಕ್ ಸೆಟ್ಟಿನವನು ನಕ್ಕು, “ಹಂಗಾರೆ ಇದ್ರಾಗೆ ನಿನ್ ಹೆಸ್ರು ಎಲ್ಲೈತೆ ತೋರ್ಸಪ್ಪ” ಎಂದ. ಅವನದೇನೂ ತಪ್ಪಿರಲಿಲ್ಲ. ಯಾರೋ ಕಳಿಸಿದ್ದರು, ಚೆನ್ನಾಗಿತ್ತು, ಹಾಕಿದ್ದ. ಆದರೆ ಅವನ ಆ ಪ್ರಶ್ನೆ ನನ್ನ ತಲೆಯೊಳಗೆ ಬಹಳ ದಿನ ಉಳಿಯಿತು.

ಈ ಹುಡುಗ ಹತ್ತನೇ ತರಗತಿಯವರೆಗೆ ನನ್ನ ಬಳಿ ವಿಜ್ಞಾನ ಓದಿದವನು, ಈಗ ಪಿಯುಸಿ. ಹೆಸರು ಕಳೆದುಕೊಂಡವನ ಬಗ್ಗೆ ಬರೆಯುತ್ತ ನಾನೂ ಅವನ ಹೆಸರು ಬರೆಯದಿರುವುದು ವಿಚಿತ್ರವೇ. ಅವನ ತಂದೆ ಬೇಡವೆಂದರು, ಅದಕ್ಕೆ ಕಟ್ಟುಬಿದ್ದಿದ್ದೇನೆ.

ಕೌದಿ ಕಟ್ಟಿದ ಕೋಣೆ

ಹಾಡು ಹುಟ್ಟಿದ ಬಗೆಯನ್ನು ಅವನ ಬಾಯಿಂದಲೇ ಕೇಳಿದೆ. ಅಜ್ಜ ಭಜನೆ ಮೇಳದಲ್ಲಿ ತತ್ವಪದ ಹಾಡುತ್ತಿದ್ದವರು. ಹಾರ್ಮೋನಿಯಂ ಅವರದೇ. ಮಾತು ಕಟ್ಟಲು ಎರಡು ತಿಂಗಳು ಹಿಡಿಯಿತಂತೆ, ಧಾಟಿ ಮಾತ್ರ ಒಂದೇ ಸಂಜೆಗೆ ಬಂತಂತೆ. ಧ್ವನಿಮುದ್ರಣ ಮಾಡಲು ಹೊರಟಾಗ ತೊಂದರೆ ಶುರುವಾಯಿತು. ಹಗಲಲ್ಲಿ ಟ್ರ್ಯಾಕ್ಟರ್ ಸದ್ದು, ರಾತ್ರಿ ನಾಯಿಗಳು. ಬೆಳಗಿನ ಜಾವ ಎದ್ದು ಹಾಡಿದರೆ ಕೋಣೆಯೊಳಗೆ ದನಿ ಗೊಜಗೊಜ. ಆಗ ಅವನಿಗೆ ಒಂಬತ್ತನೇ ತರಗತಿಯ ಶಬ್ದದ ಪಾಠ ನೆನಪಾಯಿತಂತೆ. (ಮೇಷ್ಟ್ರಾದವನಿಗೆ ಇದಕ್ಕಿಂತ ದೊಡ್ಡ ಸಂಬಳ ಬೇಕೆ?) ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಸುಮಾರು 17 ಮೀಟರ್ ದೂರ ಇರಬೇಕು. ಸಣ್ಣ ಕೋಣೆಯಲ್ಲಿ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಬೇಗ ಬೇಗ ಮರಳುವುದರಿಂದ ಮೂಲ ದನಿಗೇ ಅಂಟಿಕೊಳ್ಳುತ್ತದೆ. ಮೆತ್ತನೆಯ ವಸ್ತುಗಳು ಶಬ್ದವನ್ನು ಹೀರುತ್ತವೆ. ಹುಡುಗ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಮೂರು ಗೋಡೆಗೆ ಇಳಿಬಿಟ್ಟ. ನಾಲ್ಕನೆಯದಕ್ಕೆ ಅಕ್ಕನ ಹೊದಿಕೆ. ಹನ್ನೊಂದನೇ ಸಲಕ್ಕೆ ಹಾಡು ಸರಿಯಾಗಿ ಬಂತು.

ಅದನ್ನು ಯೂಟ್ಯೂಬಿಗೆ ಹಾಕಿ, ಚಿತ್ರದ ಕೆಳಗಿನ ವಿವರಣೆಯಲ್ಲಿ ತನ್ನ ಹೆಸರು, ಊರು, ಅಜ್ಜನಿಗೆ ವಂದನೆ ಎಲ್ಲ ಬರೆದ. ಗೆಳೆಯನೊಬ್ಬ ಹಾಡನ್ನಷ್ಟೇ ಇಳಿಸಿಕೊಂಡು ವಾಟ್ಸಾಪಿನಲ್ಲಿ ಕಳಿಸಿದ. ವಿವರಣೆ ಅಲ್ಲೇ ಉಳಿಯಿತು, ಹಾಡು ಹೊರಟಿತು. ಮತ್ಯಾರೋ ಅದಕ್ಕೆ ದೇವಸ್ಥಾನದ ಚಿತ್ರ ಅಂಟಿಸಿದರು, ಇನ್ಯಾರೋ ಹೆಸರು ಸೇರಿಸಿದರು. ಮೂರು ವಾರದಲ್ಲಿ ಅದು ಸುತ್ತು ಹೊಡೆದು ಅವನ ಊರಿಗೇ, ಅವನು ಬುಂದಿ ಬಡಿಸುತ್ತಿದ್ದ ಮದುವೆಗೇ ಬಂದು ಮುಟ್ಟಿತು.

ನಾವೂ ಸಾಚಾಗಳಲ್ಲ

ಇಂದಿನ ಹುಡುಗರನ್ನು ಬೈಯುವ ಮೊದಲು ನಮ್ಮ ಕಾಲವನ್ನು ನೆನೆಯಬೇಕು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ನಾನು ಓದುತ್ತಿದ್ದೆ. ಸಿ. ಅಶ್ವಥ್ ಅವರ ಸಂಗೀತ. ಅಂಗಡಿಯಲ್ಲಿ ಹೊಸ ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದ ನಾವು ಖಾಲಿ ಕ್ಯಾಸೆಟ್ ಕೊಟ್ಟು ತುಂಬಿಸಿಕೊಳ್ಳುತ್ತಿದ್ದೆವು. ನನ್ನ ಬಳಿ ಇದ್ದದ್ದು ಪ್ರತಿಯ ಪ್ರತಿಯ ಪ್ರತಿ. ಅಶ್ವಥ್ ಅವರ ದನಿಯ ಹಿಂದೆ ಸದಾ ಮಳೆ ಹುಯ್ಯುವ ಸದ್ದು! ಟೇಪಿನ ಮೇಲಿನ ಕಾಂತೀಯ ಕಣಗಳಿಂದ ಬರುವ ಸಹಜ ಗೊರಗೊರವು ಪ್ರತಿ ಮಾಡಿದಂತೆಲ್ಲ ಕೂಡುತ್ತ ಹೋಗುತ್ತಿತ್ತು. ಐದಾರು ಕೈ ದಾಟುವ ಹೊತ್ತಿಗೆ ಹಾಡು ಕೇಳುವಂತಿರುತ್ತಿರಲಿಲ್ಲ. ಪ್ರಕೃತಿಯೇ ಒಂದು ಬೇಲಿ ಹಾಕಿತ್ತು ಎನ್ನಬಹುದು.

ಅಂಕಿಗಳ ಕಾಲದಲ್ಲಿ ಆ ಬೇಲಿ ಇಲ್ಲ. ಧ್ವನಿಯನ್ನು ಸಿಡಿಯಲ್ಲಿ ಹಿಡಿಯುವಾಗ ಸೆಕೆಂಡಿಗೆ 44,100 ಸಲ ಅದರ ಅಳತೆ ತೆಗೆಯುತ್ತಾರೆ. ನಮ್ಮ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ ಕೇಳುತ್ತದೆ. ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಏನೂ ತಪ್ಪುವುದಿಲ್ಲ ಎಂಬುದು ಲೆಕ್ಕ. ಹೀಗೆ ಹಿಡಿದ ಮೂರು ನಿಮಿಷದ ಹಾಡಿಗೆ ಸುಮಾರು 32 ಮೆಗಾಬೈಟ್ ಜಾಗ ಬೇಕು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ರೂಪಿಸಿ, 1995ರಲ್ಲಿ ಎಂಪಿ3 ಎಂಬ ಹೆಸರು ಪಡೆದ ವಿಧಾನ ಅದನ್ನು ಮೂರು ಮೆಗಾಬೈಟಿಗೆ ಇಳಿಸಿತು. ದೊಡ್ಡ ಶಬ್ದದ ಪಕ್ಕದಲ್ಲಿರುವ ಸಣ್ಣ ಶಬ್ದ ಹೇಗೂ ನಮಗೆ ಕೇಳಿಸುವುದಿಲ್ಲವಾದ್ದರಿಂದ ಅದನ್ನು ಬಿಟ್ಟುಬಿಡುವುದು ಇದರ ಉಪಾಯ. ಒಮ್ಮೆ ಹೀಗೆ ಅಂಕಿಗಳಾದ ಮೇಲೆ ಕಡತವನ್ನು ಹಾಗೆಯೇ ನಕಲು ಮಾಡಿದರೆ ಮೊದಲನೆಯದಕ್ಕೂ ಸಾವಿರದನೆಯದಕ್ಕೂ ವ್ಯತ್ಯಾಸವಿಲ್ಲ. ಸವೆಯುವುದು ಹಾಡಲ್ಲ, ಜೊತೆಗಿದ್ದ ಹೆಸರು.

ಶರೀಫರ ಹೆಸರು ಹೇಗೆ ಉಳಿಯಿತು?

ಇಲ್ಲಿ ನನಗೆ ಒಂದು ಪ್ರಶ್ನೆ ಎದ್ದಿತು. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಕೆಲಕಾಲ ಶಾಲಾ ಮಾಸ್ತರರಾಗಿದ್ದವರು, ನನ್ನ ಕಸುಬಿನವರೇ. ಅವರ ಪದಗಳು ಬಾಯಿಂದ ಬಾಯಿಗೆ, ಜಾತ್ರೆಯಿಂದ ಜಾತ್ರೆಗೆ ಹೋದವು. ಯಾರೂ ದುಡ್ಡು ಕೊಡಲಿಲ್ಲ, ಯಾರೂ ಅನುಮತಿ ಕೇಳಲಿಲ್ಲ. ಆದರೂ ಶರೀಫರ ಹಾಡು ಶರೀಫರದಾಗಿಯೇ ಉಳಿಯಿತಲ್ಲ!

ಉತ್ತರ ಪದದ ಕೊನೆಯಲ್ಲಿದೆ. ಅಲ್ಲಿ ಶಿಶುನಾಳಧೀಶನ ಅಂಕಿತ ಬರುತ್ತದೆ. ಅದು ಧಾಟಿಯೊಳಗೆ, ತಾಳದೊಳಗೆ ಕೂತಿದೆ. ಅದನ್ನು ಕಿತ್ತರೆ ಹಾಡು ಕುಂಟುತ್ತದೆ. ಬಸವಣ್ಣನವರ ಕೂಡಲಸಂಗಮದೇವ, ಕನಕದಾಸರ ಕಾಗಿನೆಲೆಯಾದಿಕೇಶವ ಎಲ್ಲವೂ ಹೀಗೆಯೇ. ಗಮನಿಸಿ, ಇಲ್ಲಿ ಕವಿಯ ಸ್ವಂತ ಹೆಸರಿಲ್ಲ. ಇರುವುದು ದೇವರ ಹೆಸರು, ಅದರೊಡನೆ ಒಂದು ಊರು. ಕೇಳಿದವರಿಗೆ ಹಾಡು ಎಲ್ಲಿಯದೆಂದು ತಿಳಿಯಲು ಅಷ್ಟು ಸಾಕಾಗಿತ್ತು. ಭಕ್ತಿಯ ಮಾತನ್ನು ಬಲ್ಲವರು ಹೇಳಲಿ, ವಿಜ್ಞಾನದ ಮೇಷ್ಟ್ರಾಗಿ ನನಗೆ ಕಂಡದ್ದು ಇಷ್ಟು: ನಮ್ಮ ಹಿರಿಯರು ಹೆಸರನ್ನು ಹಾಡಿನ ಹೊರಗೆ ಇಡಲಿಲ್ಲ, ಒಳಗೆ ಇಟ್ಟರು.

ಯಂತ್ರ ಬಂದಾಗಲೂ ಇದೇ ಉಪಾಯ ನಡೆದದ್ದು ಸ್ವಾರಸ್ಯಕರ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲ? ಅದಕ್ಕೆ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ಆ ದನಿ ಇಂದಿಗೂ ಕೇಳಸಿಗುತ್ತದೆ. ಅಂದಹಾಗೆ, ದೇಶವೆಲ್ಲ ಹೆಸರಾದ ಈ ಗಾಯಕಿ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಹೊಟ್ಟೆಪಾಡಿನ ಮಾತು

ಮದುವೆಯ ಮಾರನೇ ದಿನ ಹುಡುಗನ ತಂದೆ ಮನೆಗೆ ಬಂದರು. ಒಂದೂವರೆ ಎಕರೆ ಅಡಿಕೆ ತೋಟದವರು. “ಸಾರ್, ಕೇಸು ಗೀಸು ಬ್ಯಾಡ. ನೀವೇ ಹೇಳಿ, ಇದ್ರಿಂದ ಹೊಟ್ಟೆ ತುಂಬ್ತದಾ? ಓದು ಬಿಟ್ಟು ಫೋನ್ ಹಿಡ್ಕಂಡು ಕುಂತಿರ್ತಾನೆ” ಎಂದರು. ಇಂಥ ಪ್ರಶ್ನೆಗೆ ಸುಳ್ಳು ಉತ್ಸಾಹ ತುಂಬಿ ಕಳಿಸಬಾರದು. ಲೆಕ್ಕ ಮಾಡಿ ತೋರಿಸಿದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕೆಂದರೆ 2018ರಲ್ಲಿ ಬಂದ ನಿಯಮದಂತೆ ಸಾವಿರ ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ ಬೇಕು. ನಾಲ್ಕು ನಿಮಿಷದ ಹಾಡಾದರೆ ಅರವತ್ತು ಸಾವಿರ ಸಲ ಪೂರ್ತಿ ಕೇಳಬೇಕು. ಅದಾದ ಮೇಲಷ್ಟೇ ಪುಡಿಗಾಸಿನ ಆರಂಭ. ಹದಿನೆಂಟು ತುಂಬದವರಿಗೆ ಹಣದ ಖಾತೆ ತಂದೆತಾಯಿಯ ಮೂಲಕವೇ ಆಗಬೇಕು. ತಂದೆಯವರ ಮುಖ ಇಳಿಯಿತು. ಮಗನ ಮುಖ ಇನ್ನೂ ಇಳಿಯಿತು.

ಹಾಗೆಂದು ಹಾಡನ್ನು ಕಟ್ಟಿಡಬೇಕೆ? ನಾನು ಹಾಗೆ ಭಾವಿಸುವುದಿಲ್ಲ. ನಾವು ಇಂದು ಕೇಳುವ ಅನೇಕ ಭಾವಗೀತೆಗಳು ಬಂದದ್ದೇ ಬೇರೆ ಕೆಲಸವಿದ್ದವರಿಂದ. ಅಶ್ವಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ 27 ವರ್ಷ ನೌಕರಿ ಮಾಡಿದರು. ಶಿವಮೊಗ್ಗ ಸುಬ್ಬಣ್ಣ ವಕೀಲರು. ‘ನಿತ್ಯೋತ್ಸವ’ದ ಕವಿ ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ಅನ್ನ ಒಂದು ಕಡೆ, ಹಾಡು ಒಂದು ಕಡೆ. ಇದರಿಂದ ಹಾಡೇನೂ ಬಡವಾಗಲಿಲ್ಲ.

ಪೂರ್ತಿ ಹಾಡನ್ನೇ ನೆಚ್ಚಿದವರೂ ಇದ್ದಾರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಸೂಕ್ಷ್ಮಜೀವವಿಜ್ಞಾನದಲ್ಲಿ ಎಂಎಸ್ಸಿ ಮಾಡಿ ಚಿನ್ನದ ಪದಕ ಪಡೆದವರು. ಸಹಪಾಠಿಯೊಬ್ಬನ ಸವಾಲಿಗೆ ಗಿಟಾರ್ ಕೈಗೆತ್ತಿಕೊಂಡವರು. ತಮ್ಮ ಹಾಡುಗಳನ್ನು ಹಿಡಿದು ವರ್ಷಗಟ್ಟಲೆ ಅಲೆದ ಮೇಲೆ, 2008ರಲ್ಲಿ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಅವರ ಮೂಲಕ ಮೊದಲ ಆಲ್ಬಂ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳೂ ಅದರಲ್ಲಿದ್ದವು. 2010ರಲ್ಲಿ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಅಂತರ್ಜಾಲದಲ್ಲಿ ಆಲ್ಬಂ ಹುಡುಕಿಕೊಂಡು ಬಂದವರು ಕನ್ನಡ ಬಾರದ ಬ್ರಿಟನ್ನಿನ ಜನ. ಹಾವೇರಿ ಸೀಮೆಯ ಮಾಸ್ತರರ ಪದ ಲಂಡನ್ನಿಗೆ ಮುಟ್ಟಿತು. ಇಂಥ ಸ್ವತಂತ್ರ ಗಾಯಕರಿಗೆ ಅಂತರ್ಜಾಲ ಡಂಗುರದಂತೆ: ಹಾಡನ್ನು ಸಾರುತ್ತದೆ, ಜನರನ್ನು ಕರೆತರುತ್ತದೆ, ಸಂಸಾರ ನಡೆಯುವುದು ಬಹುಮಟ್ಟಿಗೆ ವೇದಿಕೆಯ ಮೇಲೆ ಎದುರಿಗೆ ಹಾಡಿದ್ದರಿಂದ.

ಕಾನೂನಿನ ಬಗ್ಗೆಯೂ ತಂದೆಯವರಿಗೆ ಎರಡು ಮಾತು ಹೇಳಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಾಡು ಕಟ್ಟಿ ಬರೆದಿಟ್ಟ ಕ್ಷಣದಿಂದಲೇ ಅದರ ಹಕ್ಕು ಕಟ್ಟಿದವನದು, ನೋಂದಣಿ ಕಡ್ಡಾಯವಲ್ಲ. ಕಟ್ಟಿದವನ ಜೀವಮಾನ, ಆ ಮೇಲೆ 60 ವರ್ಷ ಅದು ನಡೆಯುತ್ತದೆ. ಶರೀಫರ ಮಾತುಗಳು ಈಗ ಎಲ್ಲರವು. ಆದರೆ 2009ರಲ್ಲಿ ತೀರಿಕೊಂಡ ಅಶ್ವಥ್ ಅವರ ಸ್ವರಸಂಯೋಜನೆಗಳಿಗೆ 2069ರ ಕೊನೆಯವರೆಗೂ ರಕ್ಷಣೆ ಉಂಟು. ನನ್ನ ಗೊರಗೊರ ಕ್ಯಾಸೆಟ್ಟಿನ ನೆನಪಾಗಿ ಇದನ್ನು ಹೇಳುವಾಗ ಸ್ವಲ್ಪ ತಲೆ ತಗ್ಗಿಸಿದೆ.

ಹುಡುಗನ ಬಳಿ ಮೂಲ ಕಡತ ಇತ್ತು, ಹಿಂದಿನ ಹತ್ತು ಕೆಟ್ಟ ಪ್ರಯತ್ನಗಳೂ ಅಳಿಸದೆ ಇದ್ದವು. ಅವೇ ಸಾಕ್ಷಿಯಾದವು. ಹೆಸರು ಸೇರಿಸಿದ್ದವನಿಗೆ ಇವನ್ನು ಕಳಿಸಿ ಮರ್ಯಾದೆಯಿಂದಲೇ ಒಂದು ಸಂದೇಶ ಬರೆದೆವು. ಅವನು ಹಾಕಿದ್ದನ್ನು ತೆಗೆದ. ಆದರೆ ಸಾವಿರಾರು ಮೊಬೈಲುಗಳಿಗೆ ಹೋದದ್ದನ್ನು ಯಾರು ತೆಗೆಯುತ್ತಾರೆ? ಅದು ದೇವಸ್ಥಾನದ ಚಿತ್ರ ಹೊತ್ತು ಇನ್ನೂ ತಿರುಗುತ್ತಲೇ ಇದೆ.

ದೀಪಾವಳಿ ರಜೆಯಲ್ಲಿ ಹುಡುಗ ಮತ್ತೆ ಬಂದ. ಪ್ರಥಮ ಪಿಯುಸಿಯ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ 61 ಬಂದಿತ್ತಂತೆ; ಅದನ್ನು ಮೊದಲು ಹೇಳಿ ಆಮೇಲೆ ಫೋನ್ ತೆಗೆದ. ಹೊಸ ಹಾಡು. ಈ ಸಲ ಅಡಿಕೆ ಸುಲಿಯುವ ಹೆಂಗಸರ ಬಗ್ಗೆ. ಕೊನೆಯ ಚರಣ ಬಂದಾಗ ಕಿವಿ ನಿಮಿರಿತು. ತಾಳ ಎಲ್ಲೂ ತಪ್ಪದ ಹಾಗೆ ‘ಕೆರೆಬಿಳಚಿ’ ಎಂಬ ಮಾತು ಪ್ರಾಸದೊಳಗೆ ಕೂತಿತ್ತು. ನಾನು ಹೇಳಿಕೊಟ್ಟದ್ದಲ್ಲ.

ಇನ್ನೊಂದು ಸಲ ಹಾಕಿಸಿಕೊಂಡು ಕೇಳಿದೆ. ಹಿಂದೆ ಎಲ್ಲೋ ದೂರದಲ್ಲಿ ಟ್ರ್ಯಾಕ್ಟರ್ ಸದ್ದು.

“ಅದನ್ನ ತೆಗೀಬೇಕಾ ಸಾರ್?” ಎಂದ.

“ಇರಲಿ ಬಿಡೋ” ಎಂದೆ.